ಮುಖಕ್ಕೆ ಮಿನುಗು, ಕೈಗೆ ಗಿಟಾರ್: ಗ್ಲ್ಯಾಮ್ ರಾಕ್‌ನ ಆರು ಆಲ್ಬಮ್‌ಗಳು

1971ರ ಮಾರ್ಚ್ ತಿಂಗಳು. ಬಿಬಿಸಿ ದೂರದರ್ಶನದ ಜನಪ್ರಿಯ ಸಂಗೀತ ಕಾರ್ಯಕ್ರಮ ‘ಟಾಪ್ ಆಫ್ ದ ಪಾಪ್ಸ್’ನಲ್ಲಿ ಹಾಡಲು ಬಂದ ಗುಂಗುರು ಕೂದಲಿನ ಯುವಕನ ಕಣ್ಣುಗಳ ಕೆಳಗೆ ಏನೋ ಮಿನುಗುತ್ತಿತ್ತು. ಕೆನ್ನೆಗೆ ಹಚ್ಚಿದ ಮಿನುಗುಪುಡಿ ಅದು. ಹಾಡುತ್ತಿದ್ದವನು ಮಾರ್ಕ್ ಬೋಲನ್, ವಯಸ್ಸು 23. ಆತನ ತಂಡದ ಹೆಸರು ಟಿ. ರೆಕ್ಸ್. ಆ ಹಾಡು, ‘ಹಾಟ್ ಲವ್’, ಆರು ವಾರ ಬ್ರಿಟನ್ನಿನ ಜನಪ್ರಿಯತಾ ಪಟ್ಟಿಯ ಮೊದಲ ಸ್ಥಾನದಲ್ಲಿ ಕುಳಿತಿತು. ಕೆಲವೇ ತಿಂಗಳಲ್ಲಿ ಬೋಲನ್ನನ ಕಛೇರಿಗಳಿಗೆ ಬರುತ್ತಿದ್ದ ಹುಡುಗ ಹುಡುಗಿಯರ ಮುಖದ ಮೇಲೂ ಅದೇ ಮಿನುಗು ಕಾಣಿಸತೊಡಗಿತು.

‘ಗ್ಲ್ಯಾಮ್ ರಾಕ್’ ಎಂದು ಮುಂದೆ ಹೆಸರಾದ ಸಂಗೀತದ ಆರಂಭವನ್ನು ಬಹುತೇಕ ವಿಮರ್ಶಕರು ಗುರುತಿಸುವುದು ಇಲ್ಲಿಂದಲೇ. ಅದರ ಬಿಸಿ ಇದ್ದದ್ದು ಹೆಚ್ಚೆಂದರೆ ನಾಲ್ಕು ವರ್ಷ. ಆದರೆ ಆ ನಾಲ್ಕು ವರ್ಷಗಳಲ್ಲಿ ಹೊರಬಂದ ಕೆಲವು ಆಲ್ಬಮ್‌ಗಳು ಅರ್ಧ ಶತಮಾನ ಕಳೆದರೂ ಹಳತಾಗಿಲ್ಲ. ಗಂಡಸು ಹೇಗಿರಬೇಕು, ಹಾಡುಗಾರ ಎಷ್ಟು ‘ನಿಜ’ವಾಗಿರಬೇಕು ಎಂಬ ಎರಡು ಪ್ರಶ್ನೆಗಳನ್ನು ಅವು ಎತ್ತಿದವು. ಅವುಗಳಿಗೆ ಉತ್ತರ ಹುಡುಕಿದವರಲ್ಲಿ ಕೆಲವರು ಕೋಟ್ಯಧೀಶರಾದರು, ಕೆಲವರು ಹೇಳಹೆಸರಿಲ್ಲದಂತಾದರು.

ಕಣ್ಕಟ್ಟಿನ ಕಾಲ

‘ಗ್ಲ್ಯಾಮರ್’ ಎಂಬುದು ಸ್ಕಾಟ್ಲೆಂಡಿನ ಆಡುಮಾತಿನಿಂದ ಇಂಗ್ಲಿಷಿಗೆ ಬಂದ ಪದ. ಅದರ ಮೂಲ ಅರ್ಥ ಮಾಟ, ಕಣ್ಕಟ್ಟು. ಈ ಸಂಗೀತಕ್ಕೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿರಲಾರದು.

ಬೀಟಲ್ಸ್ ತಂಡ 1970ರಲ್ಲಿ ಒಡೆದಿತ್ತು. ಅದೇ ವರ್ಷ ಜಿಮಿ ಹೆಂಡ್ರಿಕ್ಸ್ ತೀರಿಕೊಂಡ. ಉಳಿದ ರಾಕ್ ಸಂಗೀತ ತೀರಾ ಗಂಭೀರವಾಗಿತ್ತು. ಉದ್ದ ಗಡ್ಡ, ಮಾಸಿದ ಜೀನ್ಸ್, ಇಪ್ಪತ್ತು ನಿಮಿಷದ ಗಿಟಾರ್ ವಾದನ. ಕೇಳುಗರು ನೆಲದ ಮೇಲೆ ಕುಳಿತು ತಲೆದೂಗಬೇಕಿತ್ತೇ ವಿನಾ ಎದ್ದು ಕುಣಿಯುವಂತಿರಲಿಲ್ಲ. ಅಣ್ಣಂದಿರಿಗೆ ಇದು ಹಿಡಿಸಿತು. ಹನ್ನೆರಡು ಹದಿಮೂರರ ತಮ್ಮ ತಂಗಿಯರಿಗೆ ತಮ್ಮದು ಎಂದು ಹೇಳಿಕೊಳ್ಳಲು ಏನೂ ಇರಲಿಲ್ಲ.

ದೇಶದ ಸ್ಥಿತಿಯೂ ಚೆನ್ನಾಗಿರಲಿಲ್ಲ. 1972ರ ಆರಂಭದಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ ಹತ್ತು ಲಕ್ಷ ದಾಟಿತು. ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರದಿಂದ ಮನೆಮನೆಗಳಲ್ಲಿ ದೀಪ ಆರಿತು. 1974ರ ಮೊದಲ ತಿಂಗಳುಗಳಲ್ಲಿ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ವಿದ್ಯುತ್ ಎಂಬ ಸ್ಥಿತಿ ಬಂತು. ಇಂಥ ಮಂಕು ದಿನಗಳ ನಡುವೆಯೇ ಬಣ್ಣದ ಟಿವಿಯೂ ಮನೆಗಳಿಗೆ ಕಾಲಿಡುತ್ತಿತ್ತು. ಬಿಬಿಸಿಯ ಮುಖ್ಯ ವಾಹಿನಿ ಬಣ್ಣಕ್ಕೆ ತಿರುಗಿದ್ದು 1969ರ ನವೆಂಬರಿನಲ್ಲಿ. ಬೆಳ್ಳಿ ಬಣ್ಣದ ಬೂಟು, ಕಿತ್ತಳೆ ಕೂದಲು, ಹೊಳೆಯುವ ಸ್ಯಾಟಿನ್ ಅಂಗಿಗಳು ಕಣ್ಣಿಗೆ ಹೊಡೆಯಬೇಕಾದರೆ ಬಣ್ಣದ ಪರದೆಯೇ ಬೇಕು. ಗ್ಲ್ಯಾಮ್ ಹುಟ್ಟಿಗೆ ಈ ಪೆಟ್ಟಿಗೆಯೂ ಒಂದು ಕಾರಣ.

ಮೂರನೆಯದು ಕಾನೂನು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡಸರ ನಡುವಿನ ಸಲಿಂಗ ಸಂಬಂಧ 1967ರವರೆಗೆ ಶಿಕ್ಷಾರ್ಹ ಅಪರಾಧವಾಗಿತ್ತು. ಆ ವರ್ಷ ಬಂದ ಕಾಯ್ದೆಯೂ 21 ದಾಟಿದವರಿಗೆ, ಅದೂ ಖಾಸಗಿಯಾಗಿ ಮಾತ್ರ ವಿನಾಯಿತಿ ಕೊಟ್ಟಿತು. ಕಾಯ್ದೆ ಬದಲಾದ ಮಾತ್ರಕ್ಕೆ ಬೀದಿಯ ಕಣ್ಣು ಬದಲಾಗಲಿಲ್ಲ. ಗಂಡು ಹುಡುಗ ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಹೊರಟರೆ ಹೊಡೆತ ತಿನ್ನುವ ಸಾಧ್ಯತೆ ಇದ್ದೇ ಇತ್ತು.

ಮೊದಲ ಕಿಡಿ: ‘ಎಲೆಕ್ಟ್ರಿಕ್ ವಾರಿಯರ್’ (1971)

ಮಾರ್ಕ್ ಬೋಲನ್ನನ ಮೂಲ ಹೆಸರು ಮಾರ್ಕ್ ಫೆಲ್ಡ್. ಲಂಡನ್ನಿನ ಹ್ಯಾಕ್ನಿಯಲ್ಲಿ ಲಾರಿ ಚಾಲಕನೊಬ್ಬನ ಮಗನಾಗಿ ಹುಟ್ಟಿದವನು. ಮೊದಲು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಮಾಮೂಲಿ ಗಿಟಾರ್ ಹಿಡಿದು, ಕಿನ್ನರರ ಮಾಂತ್ರಿಕರ ಕತೆ ಹಾಡುತ್ತಿದ್ದ. ಆಗ ತಂಡದ ಹೆಸರೂ ಉದ್ದ: ಟಿರನೊಸಾರಸ್ ರೆಕ್ಸ್. 1970ರಲ್ಲಿ ಹೆಸರನ್ನು ಮೊಟಕು ಮಾಡಿ, ವಿದ್ಯುತ್ ಗಿಟಾರ್ ಕೈಗೆತ್ತಿಕೊಂಡ. ಹಳೆಯ ಅಭಿಮಾನಿಗಳು ‘ದುಡ್ಡಿಗೆ ಮಾರಿಕೊಂಡ’ ಎಂದು ಮೂದಲಿಸಿದರು. ಹೊಸ ಅಭಿಮಾನಿಗಳು ಅದರ ನೂರು ಪಟ್ಟು ಬಂದರು.

1971ರ ಸೆಪ್ಟೆಂಬರಿನಲ್ಲಿ ಬಂದ ‘ಎಲೆಕ್ಟ್ರಿಕ್ ವಾರಿಯರ್’ ಬ್ರಿಟನ್ನಿನಲ್ಲಿ ಒಟ್ಟು ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಕಪ್ಪು ಹೊದಿಕೆಯ ಮೇಲೆ ಚಿನ್ನದ ಅಂಚಿನಲ್ಲಿ ಮೂಡಿದ ಬೋಲನ್ ಮತ್ತು ಅವನ ಗಿಟಾರಿನ ಚಿತ್ರ ಇಂದಿಗೂ ಪ್ರಸಿದ್ಧ.

ಈ ಆಲ್ಬಮ್ಮಿನ ಗುಟ್ಟು ಸರಳತೆ. ಬೋಲನ್ ಹಿಂದಕ್ಕೆ, ಐವತ್ತರ ದಶಕದ ಚಕ್ ಬೆರಿಯ ರಾಕ್ ಅಂಡ್ ರೋಲ್‌ಗೆ ಹೋದ. ಮೂರು ನಾಲ್ಕು ಸ್ವರಮೇಳಗಳು, ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಚಪ್ಪಾಳೆ, ಪಿಸುಮಾತಿನಂತಹ ದನಿ. ಇದರ ಮೇಲೆ ನಿರ್ಮಾಪಕ ಟೋನಿ ವಿಸ್ಕಾಂಟಿ ಪಿಟೀಲುಗಳ ತೆರೆಯೊಂದನ್ನು ಹರಡಿದ. ಕೆಳಗೆ ಒರಟು, ಮೇಲೆ ರೇಷ್ಮೆ. ‘ಗೆಟ್ ಇಟ್ ಆನ್’ ಹಾಡು ಬ್ರಿಟನ್ನಿನಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿದ್ದು, ಅಮೆರಿಕದ ಪಟ್ಟಿಯಲ್ಲೂ ಹತ್ತನೆಯ ಸ್ಥಾನಕ್ಕೆ ಏರಿತು. ‘ಕಾಸ್ಮಿಕ್ ಡಾನ್ಸರ್’ ಕೇಳಿದರೆ ಬೋಲನ್ ಬರೀ ಕುಣಿಸುವವನಲ್ಲ, ಮೆದುವಾಗಿ ಮನಸ್ಸು ತಟ್ಟಲೂ ಬಲ್ಲ ಎಂದು ತಿಳಿಯುತ್ತದೆ.

ಕಾರ್ಮಿಕ ಪಟ್ಟಣದ ಕೇಕೆ: ‘ಸ್ಲೇಡ್?’ (1972)

ಗ್ಲ್ಯಾಮ್ ಎಂದರೆ ಲಂಡನ್ನಿನ ನಾಜೂಕು ಎಂದುಕೊಂಡವರಿಗೆ ಸ್ಲೇಡ್ ತಂಡ ಉತ್ತರ. ವುಲ್ವರ್‌ಹ್ಯಾಂಪ್ಟನ್ ಸುತ್ತಮುತ್ತಲ ಕಾರ್ಖಾನೆ ಪಟ್ಟಣಗಳ ನಾಲ್ವರು ಹುಡುಗರು. ಹಾಡುಗಾರ ನಾಡಿ ಹೋಲ್ಡರನ ತಂದೆ ಕಿಟಕಿ ಒರೆಸುವ ಕೆಲಸದವರು. ಜಿಮಿ ಹೆಂಡ್ರಿಕ್ಸ್‌ನನ್ನು ಬೆಳಕಿಗೆ ತಂದ ಚಾಸ್ ಚಾಂಡ್ಲರ್ ಇವರ ವ್ಯವಸ್ಥಾಪಕ. ಅವನು ಮೊದಲು ಇವರ ತಲೆ ಬೋಳಿಸಿ ‘ಸ್ಕಿನ್‌ಹೆಡ್’ ವೇಷ ಹಾಕಿಸಿದ್ದ. ಅದು ನಡೆಯಲಿಲ್ಲ. ಕೂದಲು ಬೆಳೆದಂತೆ ವೇಷವೂ ಬೆಳೆಯಿತು. ಹೋಲ್ಡರ್ ಕನ್ನಡಿ ಬಿಲ್ಲೆಗಳನ್ನು ಅಂಟಿಸಿದ ಎತ್ತರದ ಟೋಪಿ ಹಾಕಿದ. ಗಿಟಾರ್ ವಾದಕ ಡೇವ್ ಹಿಲ್ ಬೆಳ್ಳಿ ಉಡುಪು ತೊಟ್ಟ.

ಹಾಡುಗಳ ಶೀರ್ಷಿಕೆಗಳನ್ನು ತಮ್ಮೂರಿನವರು ಉಚ್ಚರಿಸಿದಂತೆಯೇ, ಕಾಗುಣಿತ ಬೇಕೆಂದೇ ತಪ್ಪಿಸಿ ಬರೆಯುತ್ತಿದ್ದುದು ಇವರ ಇನ್ನೊಂದು ವಿಶೇಷ. ಶಾಲೆಯಲ್ಲಿ ಕಾಗುಣಿತಕ್ಕೆ ಏಟು ತಿಂದ ಮಕ್ಕಳಿಗೆ ಇದಕ್ಕಿಂತ ಸಂತೋಷ ಬೇಕೆ? ‘ಸ್ಲೇಡ್?’ ಎಂಬ ಆಲ್ಬಮ್ಮಿನ ಹೆಸರಲ್ಲೇ ತಂಡದ ಹೆಸರನ್ನು ತಿರುಚಿ, ಕೊಂದುಹಾಕಿದ ಎಂಬರ್ಥದ ಪದವನ್ನಾಗಿಸಿ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದರು. ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 1971ರಿಂದ 1973ರ ನಡುವೆ ಈ ತಂಡದ ಆರು ಹಾಡುಗಳು ಮೊದಲ ಸ್ಥಾನ ಪಡೆದವು. ಇದರ ಸಂಗೀತ ಕೋಣೆಯಲ್ಲಿ ಕುಳಿತು ಕೇಳುವಂಥದ್ದಲ್ಲ. ಕಾಲು ನೆಲಕ್ಕೆ ಅಪ್ಪಳಿಸಿ, ಇಡೀ ಸಭಾಂಗಣ ಒಟ್ಟಿಗೆ ಕೂಗಬೇಕು. ವಿಮರ್ಶಕರು ಮೂಗು ಮುರಿದರೂ ಕಾರ್ಮಿಕರ ಮಕ್ಕಳು ಕೈಬಿಡಲಿಲ್ಲ.

ಮಂಗಳ ಲೋಕದ ನಾಯಕ: ‘ಜಿಗ್ಗಿ ಸ್ಟಾರ್‌ಡಸ್ಟ್’ (1972)

ಬೋಲನ್ ಹಚ್ಚಿದ ಮಿನುಗನ್ನು ಒಂದು ನಾಟಕವಾಗಿ ಬೆಳೆಸಿದವನು ಡೇವಿಡ್ ಬೋವಿ. ಇವನ ಮೂಲ ಹೆಸರು ಡೇವಿಡ್ ಜೋನ್ಸ್. ಹುಟ್ಟಿದ್ದು 1947ರಲ್ಲಿ, ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ. ಲಿಂಡ್ಸೆ ಕೆಂಪ್ ಎಂಬ ನಟನಿಂದ ಮೂಕಾಭಿನಯ ಕಲಿತಿದ್ದ. 1969ರಲ್ಲಿ ‘ಸ್ಪೇಸ್ ಆಡಿಟಿ’ ಹಾಡು ಗೆದ್ದ ಮೇಲೆ ಎರಡು ಮೂರು ವರ್ಷ ಯಾರೂ ಅವನನ್ನು ಅಷ್ಟಾಗಿ ಗಮನಿಸಿರಲಿಲ್ಲ.

1972ರ ಜೂನ್ 16ರಂದು ಹೊರಬಂದ ಆಲ್ಬಮ್ಮಿನ ಪೂರ್ಣ ಹೆಸರು ‘ದ ರೈಸ್ ಅಂಡ್ ಫಾಲ್ ಆಫ್ ಜಿಗ್ಗಿ ಸ್ಟಾರ್‌ಡಸ್ಟ್ ಅಂಡ್ ದ ಸ್ಪೈಡರ್ಸ್ ಫ್ರಮ್ ಮಾರ್ಸ್’. ಭೂಮಿಗೆ ಇನ್ನು ಐದೇ ವರ್ಷ ಆಯಸ್ಸು ಎಂಬ ಸುದ್ದಿಯಿಂದ ಮೊದಲ ಹಾಡು ಆರಂಭವಾಗುತ್ತದೆ. ಜಿಗ್ಗಿ ಎಂಬ ರಾಕ್ ಹಾಡುಗಾರ ಪ್ರಸಿದ್ಧಿಯ ಶಿಖರ ಏರಿ, ಅಭಿಮಾನಿಗಳ ನಡುವೆಯೇ ನಾಶವಾಗುತ್ತಾನೆ. ಕತೆ ಅಷ್ಟು ಬಿಗಿಯಾಗಿಲ್ಲ. ಹಾಡುಗಳು ಮಾತ್ರ ಬಿಗಿಯಾಗಿವೆ. ಅದಕ್ಕೆ ಅರ್ಧ ಕಾರಣ ಗಿಟಾರ್ ವಾದಕ ಮಿಕ್ ರಾನ್ಸನ್. ಹಲ್ ನಗರಸಭೆಯ ಉದ್ಯಾನಗಳಲ್ಲಿ ಮಾಲಿಯ ಕೆಲಸ ಮಾಡುತ್ತಿದ್ದ ಈತ, ಗಿಟಾರಿನಷ್ಟೇ ಚೆನ್ನಾಗಿ ಪಿಟೀಲು ತಂಡಕ್ಕೆ ಸ್ವರ ಹೊಂದಿಸಿ ಬರೆಯಬಲ್ಲವನಾಗಿದ್ದ. ಹೊದಿಕೆಯ ಚಿತ್ರವನ್ನು ಲಂಡನ್ನಿನ ಹೆಡನ್ ಸ್ಟ್ರೀಟ್‌ನಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆದು, ಆಮೇಲೆ ಕೈಯಿಂದ ಬಣ್ಣ ತುಂಬಲಾಯಿತು.

ಜುಲೈ 6ರಂದು ಟಿವಿಯಲ್ಲಿ ‘ಸ್ಟಾರ್‌ಮನ್’ ಹಾಡುತ್ತಾ ಬೋವಿ ರಾನ್ಸನ್ನನ ಹೆಗಲ ಮೇಲೆ ಸಹಜವಾಗಿ ಕೈ ಹಾಕಿದ. ಇಂದು ನೋಡಿದರೆ ಅದರಲ್ಲೇನಿದೆ ಎನಿಸೀತು. ಅಂದು ಮನೆಮಂದಿಯೆಲ್ಲ ಕುಳಿತು ನೋಡುವ ಕಾರ್ಯಕ್ರಮದಲ್ಲಿ ಅದೊಂದು ಸಿಡಿಲು. ಆ ವರ್ಷದ ಜನವರಿಯಲ್ಲಿ, ‘ಮೆಲೊಡಿ ಮೇಕರ್’ ಪತ್ರಿಕೆಯ ಸಂದರ್ಶನದಲ್ಲಿ, ಹೆಂಡತಿ ಮಗುವಿದ್ದ ಬೋವಿ ತಾನು ಸಲಿಂಗಕಾಮಿ ಎಂದು ಹೇಳಿಕೊಂಡಿದ್ದ. ಮುಂದಿನ ವರ್ಷಗಳಲ್ಲಿ ಆ ಮಾತನ್ನು ಬಗೆಬಗೆಯಾಗಿ ತಿದ್ದಿದ. ಅದು ನಿಜವೋ ಪ್ರಚಾರವೋ ಎಂಬ ಚರ್ಚೆ ಇನ್ನೂ ನಿಂತಿಲ್ಲ. ಆದರೆ ತಾವು ಉಳಿದವರಂತಿಲ್ಲ ಎಂದು ಒಳಗೊಳಗೇ ಕೊರಗುತ್ತಿದ್ದ ಎಷ್ಟೋ ಎಳೆಯರಿಗೆ ಆ ಮೂರೂವರೆ ನಿಮಿಷ ಧೈರ್ಯ ಕೊಟ್ಟಿತು. ಮುಂದೆ ತಾವೇ ಹಾಡುಗಾರರಾದ ಹಲವರು ಇದನ್ನು ಸ್ಮರಿಸಿದ್ದಾರೆ.

1973ರ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ ರಂಗದ ಮೇಲೆ ಬೋವಿ ಜಿಗ್ಗಿಗೆ ಮಂಗಳ ಹಾಡಿದ. ವೇಷ ತನ್ನನ್ನೇ ನುಂಗುವ ಮೊದಲು ಕಳಚಬೇಕು ಎಂಬ ಎಚ್ಚರ ಅವನಿಗಿತ್ತು. 2016ರ ಜನವರಿ 10ರಂದು ಸಾಯುವವರೆಗೂ ಆತ ಹೊಸ ಹೊಸ ವೇಷ ಕಟ್ಟುತ್ತಲೇ ಹೋದ.

ಚಿತ್ರಕಲಾ ಶಾಲೆಯಿಂದ: ‘ರಾಕ್ಸಿ ಮ್ಯೂಸಿಕ್’ (1972)

ಸೋಜಿಗವೆಂದರೆ, ಜಿಗ್ಗಿ ಬಿಡುಗಡೆಯಾದ ದಿನವೇ ರಾಕ್ಸಿ ಮ್ಯೂಸಿಕ್ ತಂಡದ ಮೊದಲ ಆಲ್ಬಮ್ಮೂ ಅಂಗಡಿಗೆ ಬಂತು. ಹಾಡುಗಾರ ಬ್ರಯಾನ್ ಫೆರಿಯ ತಂದೆ ಡರಮ್ ಪ್ರಾಂತ್ಯದಲ್ಲಿ ಗಣಿಯ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದವರು. ಮಗ ನ್ಯೂಕಾಸಲ್‌ನಲ್ಲಿ ಪಾಪ್ ಕಲೆಯ ಪ್ರವರ್ತಕ ರಿಚರ್ಡ್ ಹ್ಯಾಮಿಲ್ಟನ್ ಬಳಿ ಚಿತ್ರಕಲೆ ಕಲಿತ. ಜಾಹೀರಾತು, ಸಿನಿಮಾ, ಮೋಟಾರು ಕಾರು ಇವೆಲ್ಲವನ್ನೂ ಕಲೆಯ ಸಾಮಗ್ರಿಯಾಗಿ ಬಳಸಬಹುದು ಎಂಬುದು ಅಲ್ಲಿ ಸಿಕ್ಕ ಪಾಠ. ಈ ಆಲ್ಬಮ್ಮಿನ ಒಂದು ಹಾಡು ಹಾಲಿವುಡ್ ನಟ ಹಂಫ್ರಿ ಬೊಗಾರ್ಟ್‌ಗೆ ಸಲ್ಲಿಸಿದ ಕಾಣಿಕೆ. ಇನ್ನೊಂದರಲ್ಲಿ ಕಾರಿನ ನಂಬರೇ ಪಲ್ಲವಿಯಂತೆ ಕೇಳುತ್ತದೆ.

ತಂಡದ ಇನ್ನೊಬ್ಬ ಬ್ರಯಾನ್, ಬ್ರಯಾನ್ ಈನೊ, ತಾನು ಸಂಗೀತಗಾರನೇ ಅಲ್ಲ ಎನ್ನುತ್ತಿದ್ದ. ಹಕ್ಕಿಗರಿಯ ಉಡುಪು ತೊಟ್ಟು ಸಿಂಥಸೈಜರ್ ಮುಂದೆ ನಿಂತು, ಜೊತೆಗಾರರ ಗಿಟಾರ್, ಸ್ಯಾಕ್ಸೊಫೋನ್‌ಗಳ ನಾದವನ್ನು ಅದರೊಳಗೆ ಹಾಯಿಸಿ ತಿರುಚುವುದು ಅವನ ಕೆಲಸ. ಹಳೆಯ ಪ್ರಣಯಗೀತೆಯ ಕಂಠ, ಮುಂದಿನ ಶತಮಾನದ ಸದ್ದು ಎರಡೂ ಒಟ್ಟಿಗೆ ಬಂದವು. ಇಬ್ಬರು ಬ್ರಯಾನ್‌ಗಳು ಒಂದೇ ತಂಡದಲ್ಲಿ ಬಹುಕಾಲ ಇರಲಾಗಲಿಲ್ಲ. 1973ರಲ್ಲಿ ‘ಫಾರ್ ಯುವರ್ ಪ್ಲೆಷರ್’ ಎಂಬ ಎರಡನೆಯ ಆಲ್ಬಮ್ ಬಂದ ಮೇಲೆ ಈನೊ ಹೊರನಡೆದ.

ಅಟ್ಲಾಂಟಿಕ್‌ನ ಆಚೆ: ‘ಟ್ರಾನ್ಸ್‌ಫಾರ್ಮರ್’ ಮತ್ತು ‘ನ್ಯೂಯಾರ್ಕ್ ಡಾಲ್ಸ್’

ಬೋವಿ ತಾನು ಗೆದ್ದ ಮೇಲೆ ಸೋತವರ ಕೈ ಹಿಡಿದ ಎಂಬುದನ್ನು ಮರೆಯುವಂತಿಲ್ಲ. ಒಡೆದುಹೋಗಲಿದ್ದ ಮಾಟ್ ದ ಹೂಪಲ್ ತಂಡಕ್ಕೆ ‘ಆಲ್ ದ ಯಂಗ್ ಡೂಡ್ಸ್’ ಹಾಡನ್ನು ಬರೆದುಕೊಟ್ಟ. ಅದು 1972ರಲ್ಲಿ ಮೂರನೆಯ ಸ್ಥಾನಕ್ಕೇರಿ ತಂಡದ ಪ್ರಾಣ ಉಳಿಸಿತು. ಅದೇ ವರ್ಷ ನ್ಯೂಯಾರ್ಕಿನ ಲೂ ರೀಡ್‌ನನ್ನು ಲಂಡನ್ನಿಗೆ ಕರೆಸಿ, ರಾನ್ಸನ್ ಜೊತೆ ಸೇರಿ ‘ಟ್ರಾನ್ಸ್‌ಫಾರ್ಮರ್’ ನಿರ್ಮಿಸಿದ. ರೀಡ್ ಅಲ್ಲಿಯವರೆಗೆ ವಿಮರ್ಶಕರಿಗಷ್ಟೇ ಗೊತ್ತಿದ್ದ ಕವಿ ಹೃದಯದ ಹಾಡುಗಾರ.

ಅದರ ಪ್ರಸಿದ್ಧ ಹಾಡು ‘ವಾಕ್ ಆನ್ ದ ವೈಲ್ಡ್ ಸೈಡ್’ನಲ್ಲಿ ಬರುವವರು ಕಲ್ಪಿತ ಪಾತ್ರಗಳಲ್ಲ. ಕಲಾವಿದ ಆ್ಯಂಡಿ ವಾರ್‌ಹಾಲ್‌ನ ಬಳಗದ ಹಾಲಿ ವುಡ್‌ಲಾನ್, ಕ್ಯಾಂಡಿ ಡಾರ್ಲಿಂಗ್ ಮೊದಲಾದವರು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದ ಇವರ ಹೆಸರುಗಳು, ಯಾವ ಗೇಲಿಯೂ ಇಲ್ಲದೆ, ಲಕ್ಷಾಂತರ ರೇಡಿಯೋಗಳಲ್ಲಿ ಮೊಳಗಿದವು. ಹಾಡಿನ ಜಾರುವ ಮಂದ್ರ ನಾದ ನುಡಿಸಿದವನು ಹರ್ಬಿ ಫ್ಲವರ್ಸ್. ದೊಡ್ಡ ಡಬಲ್ ಬೇಸ್, ಅದರ ಮೇಲೆ ಬೇಸ್ ಗಿಟಾರ್, ಹೀಗೆ ಎರಡು ವಾದ್ಯ ನುಡಿಸಿದರೆ ಎರಡು ಸಂಭಾವನೆ ಸಿಗುತ್ತದೆ ಎಂಬುದೂ ಆ ಉಪಾಯದ ಹಿಂದಿತ್ತು ಎಂದು ಆತ ನಗುತ್ತಾ ಹೇಳಿದ್ದುಂಟು. ಕೊನೆಯಲ್ಲಿ ಕೇಳುವ ಸ್ಯಾಕ್ಸೊಫೋನ್ ರಾನಿ ರಾಸ್‌ನದು. ಬಾಲಕ ಬೋವಿಗೆ ಆ ವಾದ್ಯ ಕಲಿಸಿದ ಗುರು ಅವನೇ.

ಇನ್ನು ನ್ಯೂಯಾರ್ಕ್ ಡಾಲ್ಸ್. 1973ರ ಜುಲೈನಲ್ಲಿ ಬಂದ ಇವರ ಮೊದಲ ಆಲ್ಬಮ್ಮಿನ ಹೊದಿಕೆಯ ಮೇಲೆ ಐವರು ಗಂಡಸರು ಲಿಪ್‌ಸ್ಟಿಕ್ ಹಚ್ಚಿ, ಎತ್ತರದ ಹಿಮ್ಮಡಿಯ ಬೂಟು ತೊಟ್ಟು ಕುಳಿತಿದ್ದಾರೆ. ಸಂಗೀತ ಮಾತ್ರ ಪಕ್ಕಾ ಬೀದಿಜಗಳ. ‘ಕ್ರೀಮ್’ ಪತ್ರಿಕೆಯ ಓದುಗರು ಆ ವರ್ಷ ಇವರನ್ನು ಅತ್ಯುತ್ತಮ ಹೊಸ ತಂಡವೆಂದೂ ಅತಿ ಕೆಟ್ಟ ಹೊಸ ತಂಡವೆಂದೂ ಆರಿಸಿದರು! ಆಲ್ಬಮ್ ಮಾರಾಟವಾಗಲಿಲ್ಲ. ಆದರೆ ಕೊಂಡ ಕೆಲವರು ತಾವೇ ಗಿಟಾರ್ ಹಿಡಿದರು. ತಂಡದ ಕೊನೆಯ ದಿನಗಳಲ್ಲಿ ಜೊತೆಗಿದ್ದ ಮಾಲ್ಕಮ್ ಮೆಕ್ಲಾರೆನ್, ಲಂಡನ್ನಿಗೆ ಮರಳಿ ಸೆಕ್ಸ್ ಪಿಸ್ಟಲ್ಸ್ ತಂಡದ ವ್ಯವಸ್ಥಾಪಕನಾದ. ಪಂಕ್ ಸಂಗೀತದ ಒಂದು ಬೇರು ಇಲ್ಲಿದೆ. ಡಾಲ್ಸ್ ಹಾಡುಗಾರ ಡೇವಿಡ್ ಜೊಹಾನ್ಸನ್ 2025ರ ಫೆಬ್ರುವರಿಯಲ್ಲಿ ತೀರಿಕೊಂಡ.

ಹೊಳಪಿನ ಕೆಳಗಿನ ಕತ್ತಲು

ಗಂಡಸರು ಹೆಣ್ಣಿನ ಉಡುಪು ತೊಟ್ಟರೂ ಹೆಣ್ಣುಮಕ್ಕಳಿಗೆ ಈ ರಂಗದಲ್ಲಿ ಸಿಕ್ಕ ಜಾಗ ಅಷ್ಟಕ್ಕಷ್ಟೆ. ರಾಕ್ಸಿ ಮ್ಯೂಸಿಕ್ ಆಲ್ಬಮ್‌ಗಳಲ್ಲಿ ಅವರಿದ್ದುದು ಹೊದಿಕೆಯ ಮೇಲೆ. ಇದಕ್ಕೆ ದೊಡ್ಡ ಅಪವಾದ ಡೆಟ್ರಾಯ್ಟ್‌ನಿಂದ ಲಂಡನ್ನಿಗೆ ಬಂದ ಸೂಜಿ ಕ್ವಾಟ್ರೊ. ಮಿನುಗು ಗಿನುಗು ಬೇಡವೆಂದು ಕಪ್ಪು ತೊಗಲಿನ ಉಡುಪು ತೊಟ್ಟು, ಬೇಸ್ ಗಿಟಾರ್ ನುಡಿಸುತ್ತಾ, ಹಿಂದೆ ನಿಂತ ಗಂಡಸರ ತಂಡವನ್ನು ನಡೆಸಿದಳು. ಅವಳ ‘ಕ್ಯಾನ್ ದ ಕ್ಯಾನ್’ 1973ರಲ್ಲಿ ಮೊದಲ ಸ್ಥಾನಕ್ಕೇರಿತು.

ಎರಡನೆಯ ಕತೆ ಜೋಬ್ರಯತ್ ಎಂಬ ಅಮೆರಿಕನ್ನನದು. ಬೋವಿ ಆಡಿ ತಿದ್ದಿದ ಮಾತನ್ನು ಇವನು ತಿದ್ದದೆ ಆಡಿದ. ತಾನು ಸಲಿಂಗಕಾಮಿ ಎಂದು ಬಹಿರಂಗವಾಗಿ ಸಾರಿಕೊಂಡೇ ದೊಡ್ಡ ಕಂಪನಿಯ ಮೂಲಕ 1973ರಲ್ಲಿ ಆಲ್ಬಮ್ ಹೊರತಂದ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಬೃಹತ್ ಫಲಕ ಹಾಕಿ ಪ್ರಚಾರ ಮಾಡಲಾಯಿತು. ಹಾಡುಗಳು ಬೋವಿಯ ಅನುಕರಣೆ ಎಂದು ವಿಮರ್ಶಕರು ಹಂಗಿಸಿದರು, ಕೇಳುಗರು ಬರಲಿಲ್ಲ. ಎರಡು ಆಲ್ಬಮ್‌ಗಳಿಗೆ ಆಟ ಮುಗಿಯಿತು. 1983ರಲ್ಲಿ, ಏಡ್ಸ್‌ನಿಂದ, ಹೆಚ್ಚುಕಡಿಮೆ ಅನಾಮಧೇಯನಾಗಿ ತೀರಿಕೊಂಡ. ವೇಷವೆಂದು ಒಪ್ಪಿಕೊಂಡದ್ದನ್ನು ಜನ ಬದುಕೆಂದು ಒಪ್ಪಲಿಲ್ಲ. ಗ್ಲ್ಯಾಮ್ ತೆರೆದ ಬಾಗಿಲು ಎಷ್ಟು ಅಗಲವಿತ್ತು ಎಂಬುದಕ್ಕೆ ಇವನ ಬಾಳು ಅಳತೆಗೋಲು.

ಮೂರನೆಯದು ಹೇಳಲು ಕಹಿ. 1972ರಿಂದ ಅತ್ಯಂತ ಜನಪ್ರಿಯನಾಗಿದ್ದ ಗ್ಯಾರಿ ಗ್ಲಿಟರ್ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಾಗಿ 2015ರಲ್ಲಿ ಬ್ರಿಟನ್ನಿನಲ್ಲಿ 16 ವರ್ಷಗಳ ಸೆರೆವಾಸದ ಶಿಕ್ಷೆಗೆ ಗುರಿಯಾದ. ಅದಕ್ಕೆ ಮುಂಚೆ 1999ರಲ್ಲಿ ಬ್ರಿಟನ್ನಿನಲ್ಲೂ 2006ರಲ್ಲಿ ವಿಯೆಟ್ನಾಂನಲ್ಲೂ ಶಿಕ್ಷೆಯಾಗಿತ್ತು. ಅವನ ಹಾಡನ್ನು 2019ರ ‘ಜೋಕರ್’ ಚಿತ್ರದಲ್ಲಿ ಬಳಸಿದಾಗ ದೊಡ್ಡ ವಿವಾದ ಎದ್ದಿತು. ಎಳೆಯ ಅಭಿಮಾನಿಗಳನ್ನು ಇಷ್ಟು ಹತ್ತಿರಕ್ಕೆ ಸೆಳೆದುಕೊಂಡ ಉದ್ಯಮದಲ್ಲಿ ಅವರ ರಕ್ಷಣೆಗೆ ಯಾರಿದ್ದರು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಈ ಕಾಲದ ಚರಿತ್ರೆ ಬರೆಯಲಾಗದು.

ಆರಿದ ಮೇಲೆ

1975ರ ಹೊತ್ತಿಗೆ ಗ್ಲ್ಯಾಮ್ ಸವೆದಿತ್ತು. ಎಲ್ಲರೂ ಮಿನುಗು ಹಚ್ಚಿದ ಮೇಲೆ ಮಿನುಗಿಗೆ ಬೆಲೆ ಇರಲಿಲ್ಲ. ಆದರೆ ಅದರ ಪಾಠ ಕಲಿತವರು ಅನೇಕರು. ಮಾಟ್ ದ ಹೂಪಲ್ ತಂಡದ 1973ರ ಪ್ರವಾಸದಲ್ಲಿ ಮೊದಲಿಗೆ ಹಾಡುತ್ತಿದ್ದ ಕಿರಿಯ ತಂಡದ ಹೆಸರು ಕ್ವೀನ್. ಅದರ ಹಾಡುಗಾರ ಫ್ರೆಡಿ ಮರ್ಕ್ಯುರಿ, ಜಾಂಜಿಬಾರ್‌ನಲ್ಲಿ ಹುಟ್ಟಿ ಮಹಾರಾಷ್ಟ್ರದ ಪಂಚಗಣಿಯ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ ಫಾರೂಖ್ ಬುಲ್ಸಾರಾ. ಕ್ವೀನ್‌ನ 1974ರ ‘ಶಿಯರ್ ಹಾರ್ಟ್ ಅಟ್ಯಾಕ್’ ಆಲ್ಬಮ್ಮಿನಲ್ಲಿ ಗ್ಲ್ಯಾಮ್‌ನ ಬೆಡಗು ನಿಚ್ಚಳವಾಗಿದೆ.

ಎಲ್ಲಕ್ಕೂ ಮೊದಲು ಮಿನುಗು ಹಚ್ಚಿದ ಬೋಲನ್ 1977ರಲ್ಲಿ ಪಂಕ್ ತಂಡ ಡ್ಯಾಮ್ಡ್‌ಅನ್ನು ತನ್ನ ಪ್ರವಾಸಕ್ಕೆ ಕರೆದೊಯ್ದ. ಟಿವಿಯಲ್ಲಿ ತನ್ನದೇ ಕಾರ್ಯಕ್ರಮ ಆರಂಭಿಸಿ, ಅದರ ಕೊನೆಯ ಕಂತಿಗೆ ಹಳೆಯ ಗೆಳೆಯ, ಹಳೆಯ ಎದುರಾಳಿ ಬೋವಿಯನ್ನು ಆಹ್ವಾನಿಸಿದ. ಆ ಕಂತು ಪ್ರಸಾರವಾಗುವ ಮೊದಲೇ, ಸೆಪ್ಟೆಂಬರ್ 16ರ ನಸುಕಿನಲ್ಲಿ, ಲಂಡನ್ನಿನ ಬಾರ್ನ್ಸ್ ಬಳಿ ಕಾರು ಅಪಘಾತದಲ್ಲಿ ಸತ್ತ. ಮೂವತ್ತು ತುಂಬಲು ಎರಡು ವಾರ ಬಾಕಿಯಿತ್ತು.

ಹೊಸದಾಗಿ ಕೇಳುವವರು ‘ಎಲೆಕ್ಟ್ರಿಕ್ ವಾರಿಯರ್’ನಿಂದ ಆರಂಭಿಸುವುದು ಒಳ್ಳೆಯದು. ಅಲ್ಲಿಂದ ‘ಜಿಗ್ಗಿ’ಗೆ, ನಂತರ ‘ಟ್ರಾನ್ಸ್‌ಫಾರ್ಮರ್’ಗೆ ಹೋದರೆ ದಾರಿ ಸಲೀಸು. ‘ರಾಕ್ಸಿ ಮ್ಯೂಸಿಕ್’ಗೆ ಎರಡು ಮೂರು ಸಲ ಕೇಳುವ ತಾಳ್ಮೆ ಬೇಕು. ‘ಸ್ಲೇಡ್?’ ಮತ್ತು ‘ನ್ಯೂಯಾರ್ಕ್ ಡಾಲ್ಸ್’ಗೆ ತಾಳ್ಮೆ ಬೇಡ, ದನಿ ಏರಿಸಿದರೂ ಗೊಣಗದ ನೆರೆಮನೆಯವರು ಬೇಕು. ಇವು ಮೊದಲು ಬಂದದ್ದು ಎಲ್‌ಪಿ ತಟ್ಟೆಗಳಾಗಿ, ಬದಿಗೆ ಸುಮಾರು ಇಪ್ಪತ್ತು ನಿಮಿಷದ ಲೆಕ್ಕದಲ್ಲಿ. ಹಾಡುಗಳನ್ನು ಅಲ್ಲಲ್ಲಿ ಹೆಕ್ಕದೆ, ಆ ಕ್ರಮದಲ್ಲೇ ಮೊದಲಿನಿಂದ ಕೊನೆಯವರೆಗೆ ಕೇಳಿದರೆ ಅವುಗಳ ಕಟ್ಟೋಣ ಅರ್ಥವಾಗುತ್ತದೆ.